ಒಣಗಲು ಹರವಿದ ನಿಕ್ಕಲ್

ನರಗುಂದದ ಕಾಲುವೆ ಹೊಲಗಳಲ್ಲಿ ಸುಮ್ಮನೆ ಸುಟ್ಟುಹಾಕುವ ಗೋವಿನಜೋಳದ ದಂಟಿನಿಂದ ಎಣ್ಣೆ ತೆಗೆದು, ಅದನ್ನು ಗಾಡಿ ಓಡಿಸುವ ಇಂಧನ ಮಾಡುವುದೇ ನನ್ನ ಜೀವಮಾನದ ಕೆಲಸ. ಅದಕ್ಕೊಂದು ವೇಗವರ್ಧಕ ಬೇಕು. ನಾನು ನೆಚ್ಚಿಕೊಂಡಿದ್ದು ನಿಕ್ಕಲ್ ಪುಡಿಯನ್ನು. ಅದು ಮಹಾ ಸಿಡುಕಿನದು, ನನ್ನ ಹಾಗೆಯೇ. ನೀರೊಳಗಿದ್ದರೆ ತಣ್ಣಗಿರುತ್ತದೆ, ಒಣಗಿ ಗಾಳಿ ತಾಗಿತೋ ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ಎಷ್ಟು ಹುಡುಗರಿಗೆ ಗದರಿಸಿ ಗದರಿಸಿ ಕಲಿಸಿದ್ದೇನೋ ನೆನಪಿಲ್ಲ.

ನಾನು ಗಜೇಂದ್ರಗಡದ ನೇಕಾರರ ಮನೆಯವನು. ಗಂಜಿ ಹಚ್ಚಿದ ನೂಲನ್ನು ಹಸಿಯಾಗಿಯೇ ಬಿಟ್ಟರೆ ಮುಗ್ಗು ಹಿಡಿದು ಮಗ್ಗದ ಮೇಲೆ ಪಟಪಟ ಹರಿಯುತ್ತದೆ. ಹಾಗೆ ಬಿಟ್ಟ ದಿನ ನಮ್ಮಪ್ಪ ಲಾಳಿಯಿಂದ ಬೆರಳ ಗಿಣ್ಣಿಗೆ ರಕ್ತ ಬರುವವರೆಗೆ ಹೊಡೆಯುತ್ತಿದ್ದ. ಹಸಿ ಕಂಡರೆ ಹಿಂಡಿ ಹರವುವುದು ಆಗಿನಿಂದ ನನ್ನ ಕೈಗೆ ಅಂಟಿದ ಚಾಳಿ.

ನಾನು ಕಲಿಸುವ ರೋಣದ ಕಡೆಯ ಕಾಲೇಜಿಗೆ, ನನ್ನ ಕೈಕೆಳಗೆ ಸಂಶೋಧನೆ ಮಾಡಲು ಸವಡಿಯಿಂದ ಒಬ್ಬ ವಿದ್ಯಾರ್ಥಿನಿ ಬರುತ್ತಿದ್ದಳು. ದೊಡ್ಡ ಹೊಲಮನೆಯವರ ಮಗಳು. ಏನಾದರೂ ಎಡವಟ್ಟು ಮಾಡಿಕೊಂಡರೆ ಓದು ಬಿಡಿಸಿ ಮದುವೆ ಮಾಡುತ್ತೇನೆಂದು ತಂದೆ ಹೇಳಿಯೇ ಕಳಿಸಿದ್ದ. ಒಂದು ಮಧ್ಯಾಹ್ನ ಅವಳು ನಿಕ್ಕಲ್ ಸೋಸಿದ ಒದ್ದೆ ಕಾಗದವನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ನೀರು ತರಲು ಹೋಗಿದ್ದಳು. ಯಾವುದೋ ಯೋಚನೆಯಲ್ಲಿದ್ದ ನಾನು ಅದನ್ನು ಅರಿವೆಯಲ್ಲಿ ಒತ್ತಿ, ಕಿಟಕಿಯ ಬಿಸಿಲಿಗೆ ಹರವಿ, ಪಾಠಕ್ಕೆ ಹೋದೆ. ಪಕ್ಕದಲ್ಲೇ ಸ್ಪಿರಿಟ್ಟಿನ ಬಾಟಲಿ ಇತ್ತು.

ಅವಳು ಮರಳಿ ಬಂದು, ಕಾಗದ ಕಂಡು, ತೆಗೆಯಲು ಕೈ ಚಾಚುವಷ್ಟರಲ್ಲಿ ಪುಡಿ ಹೊತ್ತಿಕೊಂಡಿದೆ. ಬಾಟಲಿ ಸಿಡಿದ ಸದ್ದಿಗೆ ನಾನು ಓಡಿ ಬಂದಾಗ ಅವಳ ಬಲಗೈ ಮೊಣಕೈವರೆಗೆ ಉರಿಯುತ್ತಿತ್ತು. ನನ್ನ ಕೋಟು ಸುತ್ತಿ ಆರಿಸಿದೆ. ಕೋಟು ತೆಗೆದರೆ ಚರ್ಮವೂ ಅದರ ಜೊತೆಗೇ ಬಂತು.

ದವಾಖಾನೆಗೆ ಬಂದ ಅವಳ ತಂದೆ, “ಯಾರ ತಪ್ಪರಿ ಇದು?” ಎಂದ.

“ಆಕೀನ ಒಣಗಾಕ ಇಟ್ಟಿದ್ಲರಿ,” ಎಂದೆ. ಇಷ್ಟು ವರ್ಷದ ಹೆಸರು ಮಣ್ಣುಪಾಲಾಗುತ್ತದೆಂಬ ಹೆದರಿಕೆ. ಹೇಡಿ ನಾನು.

ತಂದೆ ಮಂಚದ ಮೇಲಿದ್ದ ಮಗಳ ಕೆನ್ನೆಗೆ ರಪ್ಪನೆ ಬಾರಿಸಿದ. “ನಿನ್ನ ಸಾಲಿ ಇವತ್ತಿಗೆ ಮುಗೀತು.” ಅವಳು ನನ್ನನ್ನೇ ನೋಡುತ್ತಿದ್ದಳು. ಅವನು ಮತ್ತೆ ಕೈ ಎತ್ತಿದಾಗ ನಾನು ಹಿಡಿದೆ.

“ಇಟ್ಟಾಂವ ನಾನರಿ. ಆಕೀದೇನೂ ತಪ್ಪಿಲ್ಲ.”

ಅವನ ಮುಷ್ಟಿ ನನ್ನ ಬಾಯಿಗೆ ಬಿತ್ತು. ಎರಡು ಹಲ್ಲು ಹೋದವು. ಕೆಳಗೆ ಬಿದ್ದವನ ಹೊಟ್ಟೆಗೆ ಒದ್ದ. ತಿರುಗಿ ಹೊಡೆಯುವಷ್ಟು ಸಿಟ್ಟು ನನಗೂ ಬಂದಿತ್ತು, ಕೈ ಬಿಗಿ ಮಾಡಿದ್ದೆ ಕೂಡ. ನರ್ಸ್ ಬಂದು ಬಿಡಿಸಿದಳು.

ಕೆಲವು ತಿಂಗಳ ನಂತರ ಅವಳು ಮತ್ತೆ ಕಾಲೇಜಿಗೆ ಬಂದಳು. ತಂದೆ ಗೇಟಿನವರೆಗೆ ಬಿಟ್ಟು, ನನ್ನ ಮುಖ ನೋಡದೆ ಹೋದ. ಅವಳ ಬಲಗೈಯ ಬೆರಳುಗಳು ಸೊಟ್ಟಗಾಗಿದ್ದವು. ಎಡಗೈಯಲ್ಲಿ ಫ್ಲಾಸ್ಕ್ ಎತ್ತಲು ಒದ್ದಾಡುತ್ತಿದ್ದಳು, ನಾನು ನೆರವಿಗೆ ಹೋದೆ.

“ಈ ಟೇಬಲ್‌ಗೆ ಕೈ ಹಚ್ಚಬ್ಯಾಡ್ರಿ ಸರ್,” ಎಂದಳು. “ಬೆಂಕಿಗೆ ನಾ ಅಂಜಂಗಿಲ್ಲ. ನಿಮ್ಮ ಮ್ಯಾಲ ನಂಬಿಗಿ ಉಳದಿಲ್ಲ.”

ಅವಳು ಪ್ರಬಂಧ ಮುಗಿಸುವವರೆಗೂ ನಾನು ಪ್ರಯೋಗಾಲಯದ ಬಾಗಿಲಲ್ಲಿ ನಿಂತೇ ಮಾರ್ಗದರ್ಶನ ಮಾಡಿದೆ.