ಅಜ್ಜಿಯ ಎಂಜಲು

ನೀವು ಇದನ್ನು ನಂಬುವುದಿಲ್ಲ, ಆದರೆ ಅಮೆರಿಕದ ರಾಕ್‌ವಿಲ್‌ನ ನಮ್ಮ ಅಡುಗೆಮನೆಯ ಡ್ರಾಯರ್‌ನಲ್ಲಿ, ಕೆಚಪ್ ಪೊಟ್ಟಣಗಳ ಕೆಳಗೆ, ಒಂದು ಜಗತ್ಪ್ರಸಿದ್ಧ ಪ್ಲಾಸ್ಟಿಕ್ ಟ್ಯೂಬ್ ಇದೆ. ಜಗತ್ತು ಎಂದರೆ ನಾನು, ಅಮ್ಮ, ಅಜ್ಜಿ. ಈಗಷ್ಟೇ ಅಮ್ಮ ಕತ್ತರಿ ತಾ ಎಂದಳು. ಕೈಗೆ ಸಿಕ್ಕಿದ್ದು ಇದು. ಇನ್ನೂ ಅಡಿಕೆಯ ವಾಸನೆ, ಆಣೆಗೂ!

ನಾನು ಎಂಟನೇ ಗ್ರೇಡ್‌ನಲ್ಲಿದ್ದಾಗ ಅಮ್ಮನ ತಾಯಿ ಗಂಗವ್ವಜ್ಜಿ ಧಾರವಾಡದಿಂದ ಬಂದಿದ್ದಳು. ಅಮ್ಮನ ಕೆಲಸ ಜೀನ್‌ಗಳ ಲ್ಯಾಬಿನಲ್ಲಿ. ಒಮ್ಮೆ ಊಟ ಬಡಿಸುತ್ತಾ, "ಜಾಸ್ತಿ ಓದೋದು, ಕಮ್ಮಿ ಮಕ್ಕಳು, ಉದ್ದ ಆಯುಷ್ಯ, ಮೂರಕ್ಕೂ ಜೀನ್ಸ್‌ನ್ಯಾಗ ಸಣ್ಣ ಲಿಂಕ್ ಐತಿ" ಎಂದಳು. ನಾನು ಅಜ್ಜಿಯನ್ನು ನೋಡಿದೆ. ಓದಿದ್ದು ಎರಡನೇ ಇಯತ್ತೆ, ಹೆತ್ತದ್ದು ಎಂಟು, ಎಂಬತ್ತು ದಾಟಿದ ಮೇಲೂ ಸೀರೆ ಎತ್ತಿಕಟ್ಟಿ ಟ್ರೆಡ್‌ಮಿಲ್ ಮೇಲೆ ನಡಿಗೆ. ಇಡೀ ವಿಜ್ಞಾನವನ್ನೇ ಸುಳ್ಳು ಮಾಡುವ ಹೆಂಗಸು ನಮ್ಮ ಟೇಬಲ್ಲಿನಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಾಳೆ! ಅವಳ ಎಂಜಲು ಸಿಕ್ಕರೆ ಶಾಲೆಯ ಸೈನ್ಸ್ ಫೇರ್ ನನ್ನದೇ.

ಟ್ಯೂಬಿನಲ್ಲಿ ಉಗುಳಿ ಟಪಾಲಿಗೆ ಹಾಕಿದರೆ ಜೀನ್ ಓದಿ ಹೇಳುವ ಕಿಟ್ ಒಂದನ್ನು ಕದ್ದುಮುಚ್ಚಿ ತರಿಸಿದೆ.

"ಎಂಜಲಾ ಟಪಾಲಿನ್ಯಾಗ ಕಳಸ್ತೀಯೇನ? ಆ ಟಪಾಲಿನಂವ ನಿನಗೇನ್ ಪಾಪ ಮಾಡ್ಯಾನ?"

"ಅಜ್ಜಿ, ಪ್ಲೀಸ್! ಜಸ್ಟ್ ಸ್ಪಿಟ್ ಮಾಡು."

ಎಂಜಲು ಚಮಚ ತಾಗಿದರೆ ಉಪ್ಪಿನಕಾಯಿ ಭರಣಿಯನ್ನೇ ಗಡಿಪಾರು ಮಾಡುವವಳು ಅವಳು. ಗೋಗರೆದು ಗೋಗರೆದು ನನ್ನ ಗಂಟಲೇ ಒಣಗಿತು. ಕಡೆಗೆ ಒಂದು ಷರತ್ತು ಹಾಕಿದಳು.

"ಅದರ ಮ್ಯಾಲ ನನ್ನ ಹೆಸರು ನಾನ ಬರಿಯಾಕಿ. ಇಂಗ್ಲಿಷಿನ್ಯಾಗ. ಕಲಿಸು."

"ಕನ್ನಡದಲ್ಲಿ ಬರಿ ಅಜ್ಜಿ, ಇಟ್ಸ್ ಫೈನ್."

"ಕನ್ನಡ ಎರಡನೇ ಇಯತ್ತೆದಾಗ ಕಲತೇನಿ. ಮುಂದಿಂದು ಬಾಕಿ ಐತಲ್ಲ."

ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಯೇ ಅವಳ ಅಂಕಲಿಪಿ. ನಾನು ಕನ್ನಡ ಕಾಗುಣಿತಕ್ಕೆ ಮೂರು ಬೇಸಿಗೆ ಅತ್ತವಳು. ಅವಳು ಒಂದೇ ವಾರದಲ್ಲಿ ಕಾರಿನಲ್ಲಿ ಕೂತು ಬೋರ್ಡುಗಳನ್ನು ಓದತೊಡಗಿದಳು. "ಸ್ಟಾಪ್!" ಎಂದು ಅವಳು ಗುಡುಗಿದ ಹೊಡೆತಕ್ಕೆ ಅಪ್ಪ ಹಸಿರು ಸಿಗ್ನಲ್‌ನಲ್ಲೇ ಬ್ರೇಕ್ ಒತ್ತಿದರು.

ಆ ದಿನ ಬಂತು. ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು ಎಂದಿದ್ದೆ. ಅಜ್ಜಿಯ ಲೆಕ್ಕದಲ್ಲಿ ಎಲೆ-ಅಡಿಕೆ ತಿನ್ನುವುದಲ್ಲ, ಅಗಿಯುವುದು. ಟ್ಯೂಬ್ ಕೆಂಪಾಯಿತು, ವಿಜ್ಞಾನಕ್ಕೆ ರಕ್ತದಾನ ಮಾಡಿದ ಹಾಗೆ. ಅವಳು ಮಾತ್ರ ನಾಲಿಗೆ ಕಚ್ಚಿಕೊಂಡು ಲೇಬಲ್ ಮೇಲೆ ಒಂದೊಂದೇ ಅಕ್ಷರ ಕೊರೆಯುತ್ತಿದ್ದಳು.

"ಸಾಲಿ ಬಿಡಿಸಬ್ಯಾಡ ಅಂತ ಅಪ್ಪನ ಕಾಲು ಹಿಡದಿದ್ದೆ. ಓದಿದ್ರ ನಾನೂ ಎರಡು ಹಡದು ಸಾಕ್ ಅಂತಿದ್ದೆ ನೋಡು."

ನಾನು ಎಣಿಸಿದೆ. ಅಮ್ಮ ಎಂಟನೆಯವಳು. ಅಂದರೆ ಅಮ್ಮ ಇಲ್ಲ. ಅಂದರೆ ನಾನೂ ಇಲ್ಲ!

ತಲೆಯೆತ್ತಿದರೆ ಬಾಗಿಲಲ್ಲಿ ಅಮ್ಮ, ಲಂಚ್ ಬ್ಯಾಗ್ ಹೆಗಲಲ್ಲೇ, ಎಲ್ಲ ಕೇಳಿಸಿಕೊಂಡಿದ್ದಳು. ಟ್ಯೂಬ್ ಎತ್ತಿ ನೋಡಿದಳು.

"ಸ್ಯಾಂಪಲ್ ಹಾಳು. ಮತ್ತ ಆ ಲಿಂಕ್ ಲಕ್ಷಾಂತರ ಮಂದಿನ್ನ ಕೂಡಿಸಿ ನೋಡಿದಾಗ ಕಾಣೋದು. ಒಬ್ಬಾಕಿ ಉಗುಳಿನ್ಯಾಗ ಏನೂ ಸಿಗಂಗಿಲ್ಲ."

ನನ್ನ ಬಹುಮಾನ ಅಲ್ಲಿಗೆ ಮುಗಿಯಿತು. ಅಮ್ಮ ಮಾತ್ರ ಅಜ್ಜಿಯ ಪಕ್ಕ ಕೂತಳು.

"ಅವ್ವಾ, ಈಗ ನನ್ನ ಹೆಸರು ಬರಿ."

ಆ ಲೇಬಲ್ ಈಗ ನನ್ನ ಕೈಯಲ್ಲಿದೆ. ಎರಡು ಸೊಟ್ಟ ಹೆಸರುಗಳು, ಕೆಳಗೆ ಚೂರು ಖಾಲಿ ಜಾಗ. ನನ್ನ ಹೆಸರೂ ಇರಲಿ ಎಂದು ಡ್ರಾಯರ್‌ನಲ್ಲೇ ಸಿಕ್ಕ ಪೆನ್ನಿನ ಕ್ಯಾಪ್ ತೆಗೆದೆ.

"ಕತ್ತರಿ ತರಾಕ ಇಷ್ಟೊತ್ತೇನ? ಕೈಯಾಗ ಏನದು?" ಒಳಗೆ ಬಂದ ಅಮ್ಮ ಲೇಬಲ್ ನೋಡಿ ಕೈ ಚಾಚಿದಳು. "ಆ ಪೆನ್ನ ಕೊಡಿಲ್ಲೆ."