ಅಂಡಮಾನಿನಲ್ಲಿ ಅತ್ತೆ ಧುಮುಕಿದಾಗ

ಅಂಡಮಾನಿನ ಪುಟ್ಟ ದ್ವೀಪವೊಂದರ ಬಳಿ ಹವಳ ನೋಡಲು ಸಮುದ್ರಕ್ಕಿಳಿದಿದ್ದೆ. ಮಾಸ್ಕಿನೊಳಗೆ ಉಪ್ಪುನೀರು ನುಗ್ಗಿತು. ಲೈಫ್ ಜಾಕೆಟ್ ಇದ್ದರೂ ಗಾಬರಿಯಿಂದ ಕೈಕಾಲು ಬಡಿಯತೊಡಗಿದೆ. ಗೈಡ್ ದೂರದಲ್ಲಿದ್ದ. ಅಷ್ಟರಲ್ಲಿ ದೋಣಿಯಿಂದ ಯಾರೋ ಧುಮುಕಿದ ಸದ್ದು. ವಯಸ್ಸಾಯಿತೆಂದು ಗೈಡ್ ಇಳಿಯಲು ಬಿಡದಿದ್ದ, ಅರವತ್ತೆರಡರ ನನ್ನ ಅತ್ತೆ! ಸರಸರನೆ ಈಜಿ ಬಂದು ನನ್ನ ಭುಜ ಹಿಡಿದರು.

“ಹೆದರ್ಬೇಡ ಕಣೇ, ನಮ್ಮೂರು ಕಡಬದ ಕೆರೇಲಿ ಈಜಿ ಬೆಳೆದವ್ಳು ನಾನು. ಅಂಗಾತ ಮಲಿಕೋ, ನೀರೇ ಹೊರ್ತದೆ.”

ಹಾಗೇ ಮಾಡಿದೆ. ಉಸಿರು ಹದಕ್ಕೆ ಬಂತು. ದೋಣಿ ಹತ್ತುತ್ತೇನೆಂದರೆ ಅತ್ತೆ ಕೇಳಲಿಲ್ಲ. “ಇಷ್ಟ್ ದೂರ ಬಂದು ನೋಡ್ದೆ ಹೋಗ್ತೀಯಾ?” ಎನ್ನುತ್ತಾ ಮಾಸ್ಕ್ ಸರಿಮಾಡಿದರು. ಮುಖ ಮುಳುಗಿಸಿದೆ. ಹವಳದ ಮೇಲೆ ಕಡಲಾಮೆಯೊಂದು ನಿಧಾನವಾಗಿ ಸಾಗುತ್ತಿತ್ತು.

ತುಮಕೂರಿಗೆ ಮರಳಿದ ವಾರವೇ ಈಜು ಕಲಿಯಲು ಸೇರಿದೆ. ಅತ್ತೆ ಕೊಳದ ಅಂಚಿನಲ್ಲಿ ಕುಳಿತು ನನ್ನ ತಪ್ಪು ತಿದ್ದುತ್ತಾರೆ. ಕೋಚ್ ಕೂಡ ಅವರ ಮಾತಿಗೆ ತಲೆದೂಗುತ್ತಾರೆ.