ಅಕ್ಕನ ಕನ್ನಡಕ ಮತ್ತು ಕಾನೂನಿನ ಎಚ್ಚರಿಕೆ

ತಂಬಾಕಿನ ಪಾಕೀಟಿನ ಮೇಲಿನ ಭಯಂಕರ ಚಿತ್ರವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಹತ್ತು ವರ್ಷ ತಂಬಾಕು ತಿಂದವನು ನಾನು. ಹಾಗಾಗಿ ಎಚ್ಚರಿಕೆಗಳ ವಿಷಯದಲ್ಲಿ ನನಗೆ ತಕ್ಕಮಟ್ಟಿನ ಪಾಂಡಿತ್ಯವಿದೆ. ಮೊಬೈಲಿನ ಜಾಲತಾಣಗಳ ಮೇಲೂ ‘ಇದು ಮನಸ್ಸಿನ ಆರೋಗ್ಯಕ್ಕೆ ಹಾನಿಕರ’ ಎಂದು ಬರೆಯಬೇಕೆಂಬ ಕಾನೂನು ಹೊರದೇಶಗಳಲ್ಲಿ ಬರುತ್ತಿದೆಯಂತೆ. ಪತ್ರಿಕೆಯಲ್ಲಿ ಓದಿ ನಗಬೇಕೆಂದುಕೊಂಡೆ, ನಗು ಬರಲಿಲ್ಲ.

ಆಗಿದ್ದಿಷ್ಟು. ಗಡಹಿಂಗ್ಲಜದ ನಮ್ಮಕ್ಕ ಹೊಸ ಕನ್ನಡಕ ಹಾಕಿಕೊಂಡ ಫೋಟೊವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ‘ಅಕ್ಕಾ, ಗೂಬಿ ಕಂಡಂಗ ಕಾಣ್ತಿ’ ಎಂದು ನಾನು ಬರೆದೆ. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ನೂಲು ಮಾರಿಕೊಂಡು ಬಂದವನು ನಾನು. ಮೆಲ್ಲಗೆ ಮಾತಾಡುವುದು ನನಗೆ ಬರುವುದೇ ಇಲ್ಲ. ನಗುವ ಮುಖಗಳು ಸಾಲುಗಟ್ಟಿ ಬಂದವು. ಉಬ್ಬಿಹೋದೆ. ಸಂಜೆ ನೋಡಿದರೆ ಅಕ್ಕ ಗುಂಪು ಬಿಟ್ಟಿದ್ದಳು.

ಅಷ್ಟರಲ್ಲಿ ಕ್ಷಮಾವಣಿ ಬಂತು. ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಮನೆಮನೆಗೆ ಹೋಗಿ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ ಅದು. ಈಚೆಗೆ ಮೊಬೈಲಿನಿಂದ ಕಾಲಿಗೆ ಆರಾಮ ಸಿಕ್ಕಿದೆ. ಯಾರೋ ಕಳಿಸಿದ ಗುಲಾಬಿ ಹೂವಿನ ‘ಉತ್ತಮ ಕ್ಷಮಾ’ವನ್ನು ನಾನು ಒಂದೇ ಏಟಿಗೆ ಎಲ್ಲರಿಗೂ ತಳ್ಳಿದೆ, ಅಕ್ಕನಿಗೂ. ಅವಳು ಓದಿದಳೆಂಬುದಕ್ಕೆ ಎರಡು ನೀಲಿ ಗೀಟು ಮೂಡಿದವು, ಉತ್ತರ ಬರಲಿಲ್ಲ. ಮೂರು ದಿನ ಆ ಗೀಟುಗಳನ್ನೇ ನೋಡುತ್ತ ಕೂತೆ. ಊಟ ಸೇರಲಿಲ್ಲ. ಎತ್ತಿ ಆಡಿಸಿದ ಅಕ್ಕ ಇನ್ನು ನನ್ನ ಪಾಲಿಗಿಲ್ಲವೇನೋ ಎಂದು ಹೆದರಿಕೆಯಾಯಿತು. ತಂಬಾಕಾದರೆ ತಿಂದವನ ಬಾಯನ್ನೇ ಸುಡುತ್ತದೆ. ಇಲ್ಲಿ ಅಗಿದವನು ನಾನು, ಸುಟ್ಟದ್ದು ಅವಳನ್ನು.

ಪತ್ರಿಕೆಯ ಆ ಸುದ್ದಿಯನ್ನು ಓದಿ ಹೇಳಿ ಕೂತ ನನ್ನನ್ನು ನೋಡಿ ಹೆಂಡತಿ, “ಆ ಎಚ್ಚರಿಕಿ ಮೊಬೈಲಿಗಲ್ರೀ, ನಿಮ್ಮ ಬೆರಳಿಗೆ ಹಚ್ಚಬೇಕು. ಎದ್ದು ಹೋಗಿ ಬರ್ರಿ,” ಎಂದಳು.

ಗಡಹಿಂಗ್ಲಜಕ್ಕೆ ಸರ್ಕಾರಿ ಎಸ್‌ಟಿ ಬಸ್ಸು ಹಿಡಿದು ಹೋದೆ. ಅಕ್ಕ ಅದೇ ಕನ್ನಡಕದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕಾಲಿಗೆ ಬಿದ್ದೆ.

“ನಿನ್ನ ಗುಲಾಬಿ ಹೂವು ಬಂದಿತ್ತಪಾ,” ಎಂದಳು. “ಅಂಥಾವು ಭಾಳ ಬಂದಾವು. ನೀ ಯಾವದರಾಗ ಇದ್ದಿ, ಗೊತ್ತಾಗಲಿಲ್ಲ.”

“ತಪ್ಪಾತು ಅಕ್ಕಾ. ಕ್ಷಮಾ ಮಾಡು.”

“ಮಾಡೀನಿ. ಆದ್ರ ಚ್ಯಾಷ್ಟಿ ಮಾಡಿದ್ದು ಎಲ್ಲಾರ ಮುಂದ. ತಪ್ಪಾತು ಅನ್ನೂದೂ ಎಲ್ಲಾರ ಮುಂದ ಅನ್ನು.”

ಅವಳ ಪಕ್ಕದಲ್ಲೇ ಕೂತು ಗುಂಪಿಗೆ ಬರೆಯತೊಡಗಿದೆ. ಗೂಬೆ ಎನ್ನಲು ಅರೆಗಳಿಗೆ ಸಾಕಾಗಿತ್ತು. ತಪ್ಪಾಯಿತು ಎನ್ನಲು ಅರ್ಧ ತಾಸು ಹಿಡಿಯಿತು. ಓದಿ ತೋರಿಸಿದ ಮೇಲೆ, “ಈಗ ನನ್ನನ್ನ ಮತ್ತ ಗುಂಪಿಗೆ ಸೇರಿಸು,” ಎಂದಳು.

ರಾತ್ರಿ ಉಣ್ಣದ ಜೈನರಲ್ಲವೇ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ತಟ್ಟೆ ಇಟ್ಟಳು. ಬಾಯಿ ತುಂಬ ಹೋಳಿಗೆ ತುರುಕಿಕೊಂಡಿದ್ದಾಗ ನನ್ನ ಫೋಟೊ ತೆಗೆದು, ‘ಕ್ಷಮಾ ಕೇಳಾಕ ಬಂದಾಂವ ಉಣ್ಣಾಕತ್ತಾನ’ ಎಂದು ಗುಂಪಿಗೆ ಹಾಕಿಯೇಬಿಟ್ಟಳು. ನಗುವ ಮುಖಗಳು ಒಂದರ ಹಿಂದೊಂದು ಬಂದವು. ನನಗೂ ಚುರುಕ್ಕೆಂದಿತು. ಆದರೆ ಅಕ್ಕ ಎದುರಿಗೇ ಕೂತು, ನನ್ನ ಹೋಳಿಗೆಗೆ ತುಪ್ಪ ಸುರಿಯುತ್ತ ನಗುತ್ತಿದ್ದಳು. ಹಾಗೆ ನಕ್ಕರೆ ನೋಯುವುದಿಲ್ಲ.